ಹನ್ನೊಂದನೇ ಬಕೆಟ್

ನಾನು ಅವಳಿಗೆ ಆಡಿದ ಮೊದಲ ಮಾತೇ ಕೊಂಕು.

“ರಿಪೋರ್ಟು ಮನೇಲೇ ಟೈಪ್ ಮಾಡ್ಕಂಡ್ ಬಂದಿದ್ದೀರಾ ಮೇಡಂ, ಇಲ್ಲ ಇಲ್ಲೇ ಕೂತ್ಕಂಡ್ ಮಾಡ್ತೀರಾ?”

ಸ್ಕೂಟಿಗೆ ಸ್ಟ್ಯಾಂಡ್ ಹಾಕುತ್ತಿದ್ದವಳು ತಲೆಯೆತ್ತಿ ನೋಡಿದಳು. ಹೆಲ್ಮೆಟ್ ತೆಗೆದಳು. ಬೆವರಿಗೆ ಅಂಟಿದ್ದ ಮುಂಗುರುಳನ್ನು ಮುಂಗೈಯಿಂದ ಹಿಂದಕ್ಕೆ ತಳ್ಳಿ, ಬ್ಯಾಗಿನಿಂದ ಒಂದು ಪೆನ್ಸಿಲ್ ತೆಗೆದು ಜಡೆಯ ಬುಡಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು.

“ಇಲ್ಲೇ ಮಾಡೋಣ ಅಂತ. ಸ್ಪೆಲ್ಲಿಂಗ್ ಮಿಸ್ಟೇಕ್ ನೀವು ನೋಡ್ಕೊಡ್ತೀರಾ?”

ಕೊಳವೆಬಾವಿ ಕೊರೆಯುವ ರಿಗ್ಗಿನ ಮೇಲಿದ್ದ ಡ್ರಿಲ್ಲರ್ ರಾಹುಲ್ ಹೋ ಎಂದು ನಕ್ಕ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಹೊಡೆದಿದ್ದಳು.

ನನ್ನ ಸಿಟ್ಟಿಗೆ ಕಾರಣವಿತ್ತು. ಹೂಟಗಳ್ಳಿಯ ಅಂಚಿನ ಆ ಕ್ರೋಮ್ ಫ್ಯಾಕ್ಟರಿ ಮುಚ್ಚಿ ಹತ್ತು ವರ್ಷವಾಗಿತ್ತು. ನಲ್ಲಿಗಳಿಗೆ, ಸೈಕಲ್ ಹ್ಯಾಂಡಲ್ಲುಗಳಿಗೆ ಹೊಳಪು ಕೊಡುತ್ತಿದ್ದ ಜಾಗ ಅದು. ನಮ್ಮಪ್ಪ ಚಿಕ್ಕಣ್ಣ ಅಲ್ಲಿ ಹತ್ತೊಂಬತ್ತು ವರ್ಷ ಕ್ರೋಮ್ ತೊಟ್ಟಿಯ ಮುಂದೆ ನಿಂತವನು. ಫ್ಯಾಕ್ಟರಿ ಹೋಯಿತು, ಅಪ್ಪನ ಕೆಲಸ ಹೋಯಿತು, ಹಿಂದೆಯೇ ನನ್ನ ಶಾಲೆಯೂ ಹೋಯಿತು. ಉಳಿದದ್ದು ನಮ್ಮ ಹಿತ್ತಲ ಬಾವಿಯ ಹಳದಿ ನೀರು, ಅದರಲ್ಲಿ ಪಾತ್ರೆ ತೊಳೆದೂ ತೊಳೆದೂ ಬಿರಿದುಹೋದ ಅವ್ವನ ಕೈ. ಅರ್ಜಿ ಕೊಟ್ಟೆವು. ಎರಡು ವರ್ಷದ ಹಿಂದೆ ಯಾವುದೋ ಲ್ಯಾಬಿನವನೊಬ್ಬ ಬಂದ. ಫ್ಯಾಕ್ಟರಿಯ ವಾಚ್‌ಮನ್ ಕೋಣೆಯ ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ಬಾಟಲಿಗೆ ಹಿಡಿದುಕೊಂಡು ಹೋದ. ‘ಕುಡಿಯಲು ಯೋಗ್ಯ’ ಎಂದು ಕಾಗದ ಬಂತು. ಅವತ್ತಿನಿಂದ ಕೈಯಲ್ಲಿ ಬಾಟಲಿ ಹಿಡಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಈಗ ಆ ಜಾಗ ಕೊಂಡ ಕಂಪನಿಯವರು ಅಲ್ಲಿ ಲೇಔಟ್ ಮಾಡಲು ಹೊರಟಿದ್ದರು. ಮಣ್ಣು ಮತ್ತು ಅಂತರ್ಜಲದ ಪರೀಕ್ಷೆಯಾಗದೆ ಪರ್ಮಿಷನ್ ಇಲ್ಲ ಎಂದು ಸರ್ಕಾರದವರು ಬರೆದಿದ್ದರಂತೆ. ಅದಕ್ಕೇ ಈ ರಿಗ್ಗು, ಈ ಸ್ಕೂಟಿ, ಈ ಹುಡುಗಿ. ನಾನು ರಿಗ್ಗಿಗೆ ಪೈಪು ಎತ್ತಿಕೊಡುವ ಕೆಲಸಕ್ಕೆ ಸೇರಿದ್ದೆ. ಈ ಸಲ ಮೋಸ ಆಗುವುದಾದರೆ ನನ್ನ ಕಣ್ಣೆದುರೇ ಆಗಲಿ ಎಂದು.

“ನಿಮ್ಮ ಹೆಸರು?” ರಿಜಿಸ್ಟರ್ ತೆರೆದು ಕೇಳಿದಳು.

“ಹುಚ್ಚಣ್ಣ.”

ಅವಳು ತುಟಿ ಕಚ್ಚಿಕೊಂಡಳು.

“ನಗೋದಾದ್ರೆ ನಕ್ಬುಡಿ. ನಮ್ ತಾತನ ಹೆಸ್ರು.”

“ನಗ್ತಿಲ್ಲ ಕಣ್ರೀ. ಹೆಸರಿಗೆ ತಕ್ಕಂಗೇ ಇದ್ದೀರಲ್ಲ ಅಂದ್ಕೊಂಡೆ, ಅಷ್ಟೇ. ನಾನು ಅಕ್ಷತಾ.”

ಬಗ್ಗಿ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಒಂದು ಸಲ, ಒಂದೇ ಸಲ, ರೆಪ್ಪೆಯಡಿಯಿಂದ ನನ್ನನ್ನು ನೋಡಿದಳು. ನಾನು ಪೈಪನ್ನು ಕಾಲ ಮೇಲೆ ಬೀಳಿಸಿಕೊಂಡೆ.

*

ನಾಲ್ಕು ದಿನ ಕೊರೆತ ನಡೆಯಿತು. ಮೂರು ಕೊಳವೆಬಾವಿ. ಅಡಿ ಅಡಿಗೂ ಮೇಲೆ ಬರುವ ಮಣ್ಣನ್ನು ಅವಳು ಉದ್ದನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದಳು. ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕಲ್ಲು. ಒಂದೊಂದು ಚೂರಿಗೂ ಚೀಟಿ. ಒಂದೊಂದು ಚೀಟಿಗೂ ಹೊಸ ನೀಲಿ ಗ್ಲೌಸ್.

ಎರಡನೇ ದಿನ ಗುಂಡಿಯಂಚಿನಲ್ಲಿ ಕಾಲು ಜಾರಿದಳು. ನಾನು ಕೈ ಚಾಚಿದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತುಕೊಂಡು ಎರಡೂ ಕೈ ಮೇಲೆತ್ತಿ ಕಿರುಚಿದಳು.

“ಮುಟ್ಬೇಡಿ! ಗ್ಲೌಸ್ ಹಾಳಾಗುತ್ತೆ!”

“ನೀವು ಮುಳುಗೋದ್ರೂ ಪರ್ವಾಗಿಲ್ವಾ?”

“ನಾನು ತೊಳ್ಕೊಂಡ್ರೆ ಸರಿಹೋಗ್ತೀನಿ. ಸ್ಯಾಂಪಲ್ ಸರಿಹೋಗಲ್ಲ.”

ಹಾಗೇ ಕೈ ಮೇಲೆತ್ತಿಕೊಂಡೇ, ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ ಹತ್ತಿ ಬಂದಳು. ಕೆನ್ನೆಯ ಮೇಲೆ ಒಂದು ಹನಿ ಕೆಸರು. ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಮಧ್ಯಾಹ್ನದವರೆಗೂ ಆ ಹನಿಯನ್ನೇ ನೋಡುತ್ತ ಪೈಪು ಎತ್ತಿದೆ.

ಊಟದ ಹೊತ್ತಿಗೆ ಅವಳ ಡಬ್ಬಿಯಿಂದ ಒಂದು ಹೋಳಿಗೆ ನನ್ನ ಕಡೆಗೆ ಬಂತು. ಮನೆ ರಾಮಕೃಷ್ಣನಗರದಲ್ಲಂತೆ. ತಂದೆ ವೃಷಭೇಂದ್ರಪ್ಪನವರದು ಅಗ್ರಹಾರದಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿ. ಮಗಳು ಎಂಎಸ್ಸಿ ಓದಿ ಊರೂರಿನ ಮಣ್ಣು ಹೊರುತ್ತಾಳೆಂದು ಅವರಿಗೆ ಬೇಸರವಂತೆ.

“ನಿಮ್ಗೆ ಯಾವಾಗ್ಲೂ ಇಷ್ಟು ಕೋಪಾನಾ?” ಕೇಳಿದಳು.

“ಮೂರು ಬಾವೀನೂ ಎತ್ತರದ ಕಡೆ ಆಫೀಸ್ ಹತ್ರಾನೇ ತೋಡ್ಸಿದ್ರೆ ಇನ್ನೇನ್ ಬರುತ್ತೆ? ವಿಷ ಸುರೀತಿದ್ದದ್ದು ಕೆಳಗಡೆ ಕಣ್ರೀ!”

“ಪಾಯಿಂಟ್ ಹಾಕ್ಕೊಟ್ಟಿದ್ದು ಕಂಪನಿಯವರು. ನಾನು ಬೇರೆ ಕಡೆ ತೋಡಬೇಕು ಅಂದ್ರೆ ಕಾಗದದ ಮೇಲೆ ಕಾರಣ ಬರೀಬೇಕು. ಪಕ್ಕದ್ಮನೆಯವರಿಗೆ ಕೋಪ ಬಂದಿದೆ ಅಂತ ಬರೆಯೋಕಾಗಲ್ಲ.”

ಹೋಳಿಗೆ ಸಿಹಿಯಾಗಿತ್ತು. ಮಾತು ಖಾರವಾಗಿತ್ತು. ಎರಡನ್ನೂ ನುಂಗಿದೆ. ಆದರೆ ಹೊಟ್ಟೆಯೊಳಗೆ ಇಳಿದದ್ದು ಭಯ. ಈ ಸಲವೂ ‘ಯೋಗ್ಯ’ ಎಂದೇ ಬರುತ್ತದೆ. ಅದರ ಕೆಳಗೆ ಈ ಹುಡುಗಿಯ ಸಹಿಯೇ ಇರುತ್ತದೆ. ಅದನ್ನು ನಾನು ತಡೆದುಕೊಳ್ಳಲಾರೆ.

*

ನೀರು ತೆಗೆಯುವ ದಿನ ಬೆಳಗಿನ ಆರು ಗಂಟೆಗೆ, ಇನ್ನೂ ಯಾರೂ ಬಂದಿರಲಿಲ್ಲ. ನಮ್ಮ ಹಿತ್ತಲ ಬಾವಿಯಿಂದ ಎರಡು ಬಿಂದಿಗೆ ಹಳದಿ ನೀರು ಸೇದಿ, ಕಾಂಪೌಂಡ್ ಬಿರುಕಿನಲ್ಲಿ ನುಸುಳಿ, ಮೂರನೇ ಕೊಳವೆಬಾವಿಗೆ ಸುರಿದೆ. ಸುಳ್ಳೇನು ಸುರಿದೆ? ನಮ್ಮ ನೀರೇ ಅಲ್ಲವೇ? ಹೀಗೆಂದು ನನಗೆ ನಾನೇ ಹೇಳಿಕೊಂಡೆ.

ಒಂಬತ್ತು ಗಂಟೆಗೆ ಅವಳು ಮೂರನೇ ಬಾವಿಗೇ ಮೊದಲು ಪಂಪು ಇಳಿಸಿದಳು. ಮೊದಲ ಬಕೆಟ್ ತುಂಬಿತು. ನಿಂಬೆಹಣ್ಣಿನ ಸಿಪ್ಪೆಯಂಥ ಹಳದಿ.

“ಹುಚ್ಚಣ್ಣಾ!” ಎಂದು ಕೂಗಿದಳು. ಕಣ್ಣು ಇಷ್ಟಗಲ. “ನೀವು ಹೇಳಿದ್ದು ನಿಜ ಕಣ್ರೀ! ನೋಡ್ರೀ ಇಲ್ಲಿ!”

ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನನ್ನ ಮಾತು ನಿಜವೆಂದು ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿರಲೇ ಇಲ್ಲ. ಆ ಎರಡು ಕಣ್ಣಿಗಾಗಿ ಇನ್ನೂ ಹತ್ತು ಬಾವಿ ಕೆಡಿಸಬಹುದಿತ್ತು.

“ಸಾಕಲ್ಲ, ಬಾಟಲಿಗೆ ತುಂಬ್ಸಿ” ಎಂದೆ.

“ಈಗಲೇ ತುಂಬಲ್ಲ. ಪೈಪಲ್ಲಿ ನಿಂತಿರೋ ನೀರನ್ನ ಲೆಕ್ಕಕ್ಕೆ ತಗೊಳ್ಳಲ್ಲ ನಾವು. ಅದರ ಮೂರರಷ್ಟು ತೆಗೆದು ಆಚೆ ಹಾಕ್ಬೇಕು. ಆಮೇಲೆ ಬರೋದೇ ಭೂಮಿ ನೀರು. ಇದಕ್ಕೆ ಹನ್ನೊಂದು ಬಕೆಟ್.”

ಈ ನಿಯಮ ನನಗೆ ಗೊತ್ತಿರಲಿಲ್ಲ.

ಎರಡನೇ ಬಕೆಟ್ ಹಳದಿ. ಮೂರನೆಯದು ಪೇಲವ. ಐದನೆಯದು ತಿಳಿ. ಆರನೆಯದರಲ್ಲಿ ಅವಳ ಮುಖವೇ ಕಾಣುತ್ತಿತ್ತು. ಆ ಮುಖದಲ್ಲಿ ನಗು ಇರಲಿಲ್ಲ.

“ಹಿಂಗಾಗಲ್ಲ” ಎಂದು ತನಗೆ ತಾನೇ ಹೇಳಿಕೊಂಡಳು. “ನೆಲದೊಳಗೇ ಇದ್ರೆ ಸೇದಿದಷ್ಟೂ ಬರ್ಬೇಕು. ಐದೇ ಬಕೆಟ್‌ಗೆ ಹೋಗ್ಬಿಡ್ತು ಅಂದ್ರೆ ಯಾರೋ ಮೇಲಿಂದ ಸುರಿದಿದ್ದಾರೆ.”

ಅಷ್ಟರಲ್ಲಿ ಕಂಪನಿಯ ಎಂಜಿನಿಯರ್ ನಾಗಾರ್ಜುನ ಕೂಲಿಂಗ್ ಗ್ಲಾಸ್ ಸರಿಮಾಡಿಕೊಳ್ಳುತ್ತ ಅಲ್ಲಿಗೇ ಬಂದ. ಬಗ್ಗಿ ಬಕೆಟ್‌ಗಳನ್ನು ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದ. ಹಲ್ಲು ಕಾಣಿಸಿತು. “ಊರವರ ಕೆಲಸ! ಇನ್ಮೇಲೆ ಇವರು ಏನು ಕಂಪ್ಲೇಂಟ್ ಕೊಟ್ರೂ ನಾನು ಈ ಫೋಟೋ ತೋರಿಸ್ತೀನಿ. ರಿಗ್ ಹುಡುಗರನ್ನೆಲ್ಲ ಇವತ್ತೇ ಆಚೆ ಹಾಕಿ ಮೇಡಂ.”

ರಾಹುಲ್ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಎರಡು ಮಕ್ಕಳು. ಅವಳು ಇನ್ನೂ ಬಕೆಟ್ಟನ್ನೇ ನೋಡುತ್ತಿದ್ದಳು.

“ನಾನೇ” ಎಂದೆ.

ಅವಳು ನಿಧಾನವಾಗಿ ತಿರುಗಿದಳು.

“ಬೆಳಗ್ಗೆ ಆರು ಗಂಟೇಲಿ. ಎರಡು ಬಿಂದಿಗೆ. ಇವ್ರ್ಯಾರಿಗೂ ಗೊತ್ತಿಲ್ಲ. ನನ್ನ ಒಬ್ಬನ್ನೇ ಆಚೆ ಹಾಕಿ.”

ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಜಡೆಯಿಂದ ಪೆನ್ಸಿಲ್ ತೆಗೆದು ರಿಜಿಸ್ಟರಿನಲ್ಲಿ ಬರೆದಳು. ಗಟ್ಟಿಯಾಗಿ ಓದುತ್ತ ಬರೆದಳು. “ಮೂರನೇ ಸಂಖ್ಯೆಯ ಮಾದರಿ ರದ್ದು. ಹೊರಗಿನ ನೀರು ಸುರಿಯಲಾಗಿದೆ. ಹುಚ್ಚಣ್ಣ, ತಂದೆ ಚಿಕ್ಕಣ್ಣ, ತಾವಾಗಿಯೇ ಒಪ್ಪಿಕೊಂಡಿರುತ್ತಾರೆ.” ರಿಜಿಸ್ಟರ್ ನನ್ನ ಕಡೆ ತಿರುಗಿಸಿದಳು. “ಸೈನ್ ಹಾಕಿ.”

ಹಾಕಿದೆ. ಪೆನ್ಸಿಲ್ ವಾಪಸ್ಸು ತೆಗೆದುಕೊಳ್ಳುವಾಗ ಅವಳ ಕಣ್ಣಂಚು ಒದ್ದೆಯಾಗಿತ್ತು.

“ಒಂದು ಗಂಟೆ ಹೊತ್ತು ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತೇನ್ರೀ?” ಎಂದಳು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಗೇಟಿನಿಂದ ಆಚೆ ನಡೆದೆ. ಹತ್ತು ವರ್ಷ ಲೋಕದ ಮೇಲಿದ್ದ ಸಿಟ್ಟೆಲ್ಲ ಅವತ್ತು ತಿರುಗಿ ನನ್ನ ಮೇಲೇ ಬಿತ್ತು.

*

ಸಂಜೆ ಐದಕ್ಕೆ ನಮ್ಮ ಬೀದಿಯಲ್ಲಿ ಸ್ಕೂಟಿಯ ಸದ್ದು.

“ಯಾರೋ ಎಣ್ಣುಡ್ಗಿ ಬಂದವಳೆ ಕಣ್ಲಾ” ಎಂದಳು ಅವ್ವ ಕೆಂಚಮ್ಮ, ಬಾಗಿಲಲ್ಲೇ ನಿಂತು. “ಮೊಕ ಊದಿಸ್ಕಂಡವಳೆ. ನೀನೇನ್ಲಾ ಮಾಡ್ದೆ?”

ಅಕ್ಷತಾ ನನ್ನ ಕಡೆ ನೋಡಲೂ ಇಲ್ಲ. ಅವ್ವನಿಗೆ ಕೈಮುಗಿದಳು. ಆಮೇಲೆ ಗೋಡೆಗೆ ಹೇಳುವವಳಂತೆ ಹೇಳಿದಳು. “ಮಧ್ಯಾಹ್ನ ಊಟ ಮಾಡ್ತಾ ಹೊಳೀತು. ಅಷ್ಟು ಹಳದಿ ನೀರನ್ನ ಇವ್ರು ಅಂಗಡೀಲಿ ಕೊಂಡ್ಕೊಂಡು ಬಂದಿರಲ್ಲ. ಎಲ್ಲಿಂದ ತಂದ್ರಿ?”

ನಾನು ಹಿತ್ತಲ ಕಡೆ ಕೈ ತೋರಿಸಿದೆ.

ಬಾವಿಗೆ ಅವಳೇ ಬಾಟಲಿ ಇಳಿಸಿದಳು. ಒಂದು ಗಾಜಿನ ಕೊಳವೆಗೆ ಒಂದಿಷ್ಟು ನೀರು, ಅದಕ್ಕೊಂದು ಚಿಟಿಕೆ ಬಿಳಿ ಪುಡಿ. ಅಲುಗಾಡಿಸಿದಳು. ನಾವು ನೋಡುತ್ತಿದ್ದಂತೆಯೇ ನೀರು ಬಸಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗಿತು.

“ಅಯ್ಯೋ, ಎಷ್ಟು ಚೆಂದಾಗದೆ!” ಎಂದಳು ಅವ್ವ.

“ಚೆಂದ ಇಲ್ಲಮ್ಮ. ಇದು ಕ್ರೋಮಿಯಂ. ಈ ನೀರನ್ನ ಮುಟ್ಟಲೇಬೇಡಿ ಇನ್ಮೇಲೆ.” ಅವ್ವನ ಬಿರಿದ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಗ್ಲೌಸ್ ಇರಲಿಲ್ಲ. ಬಹಳ ಹೊತ್ತು ಹಿಡಿದೇ ಇದ್ದಳು.

ಜಗಲಿಯ ಮೇಲಿದ್ದ ಅಪ್ಪ ಕೆಮ್ಮಿದ. “ಅದು ಕ್ರೋಮೇ ಕಣವ್ವ. ನನ್ ಮೂಗಿಗೆ ಗೊತ್ತಿಲ್ವಾ? ತೊಟ್ಟಿ ಹಬೆ ಕುಡ್ದೂ ಕುಡ್ದೂ ಮೂಗಿನ್ ನಡುಗೋಡೆ ತೂತಾಗೋಗದೆ. ಈ ಕಡೆಯಿಂದ ಆ ಕಡೆಗೆ ದಾರ ಪೋಣಿಸ್ಬೋದು, ಎತ್ತಿಗೆ ಮೂಗುದಾರ ಹಾಕ್ದಂಗೆ. ಇವ್ನು ಹಗ್ಗ ತಂದ್ರೆ ನನ್ನ ಉಳೋಕೂ ಕಟ್ಬೋದು.” ತಾನೇ ನಕ್ಕ.

ಅಕ್ಷತಾ ನಗಲಿಲ್ಲ. ಅವನೆದುರು ನೆಲದ ಮೇಲೆ ಕುಳಿತಳು.

“ತೊಟ್ಟಿ ಖಾಲಿ ಮಾಡಿದ ನೀರನ್ನ ಎಲ್ಲಿಗೆ ಬಿಡ್ತಿದ್ರು ಯಜಮಾನ್ರೇ?”

“ಇಂಗುಗುಂಡಿಗೆ. ಮುಚ್ಚೋ ವರ್ಷ ಮೇಲೆ ಮಣ್ಣು ಎಳ್ದು ಸಾಪು ಮಾಡ್ಬುಟ್ರು. ನಕ್ಸೇಲಿ ಇರಾಕಿಲ್ಲ ಅದು. ನನ್ ಕಾಲ್ಗೆ ಗೊತ್ತು. ಪಂಪ್‌ಹೌಸ್ ಬಾಗ್ಲಿಂದ ಮೂವತ್ತೆರಡು ಹೆಜ್ಜೆ, ಇಳಿಜಾರ್ ಕಡೀಕೆ. ದಿನಾ ಬಕೀಟು ಹೊತ್ತೋನು ನಾನೇ ಅಲ್ವಾ?”

ಅವಳು ಎಲ್ಲವನ್ನೂ ಬರೆದುಕೊಂಡು ಎದ್ದಳು. ಅವ್ವ ಕ್ಯಾನ್ ನೀರಿನಲ್ಲಿ ಮಾಡಿದ ಕಾಫಿಯನ್ನು ಪೂರ್ತಿ ಕುಡಿದಳು. ಬಾಗಿಲು ದಾಟುವಾಗ ಕೊನೆಗೂ ನನ್ನ ಮುಖ ನೋಡಿದಳು.

“ನಾಳೆ ಕಂಪನಿಗೆ ಬರೀತೀನಿ. ನಾಲ್ಕನೇ ಬಾವಿ ಬೇಕು ಅಂತ. ಕಾರಣ ಸಿಕ್ಕಿದೆ ಈಗ.”

“ಮೇಡಂ, ನಾನು ಮಾಡಿದ್ದು...”

“ತಪ್ಪು. ಕೋಪ ಇನ್ನೂ ಹೋಗಿಲ್ಲ ನನಗೆ. ತೋಡೋ ದಿನ ನೀವು ಗೇಟಿಂದ ಒಳಗೆ ಒಂದು ಹೆಜ್ಜೆ ಇಡಕೂಡದು.” ಸ್ಕೂಟಿ ಸ್ಟಾರ್ಟ್ ಮಾಡಿ, ಹೆಲ್ಮೆಟ್ಟಿನೊಳಗಿಂದ ಸೇರಿಸಿದಳು. “ಆದರೆ ಗೇಟಿನ ಹತ್ರ ಇರಿ.”

ಸ್ಕೂಟಿ ತಿರುವು ದಾಟಿ ಎಷ್ಟೋ ಹೊತ್ತಾದರೂ ನಾನು ಬೀದಿಯಲ್ಲೇ ನಿಂತಿದ್ದೆ.

“ಒಳೀಕ್ ಬಾರ್ಲಾ” ಎಂದ ಅಪ್ಪ. “ನನ್ ಮೂಗೇನೋ ಹೋಯ್ತು. ಕಣ್ಣು ಚೆನ್ನಾಗೇ ಅದೆ.”

*

ನಾಗಾರ್ಜುನ ಒಪ್ಪಲಿಲ್ಲ. ಪ್ಲಾನಿನಲ್ಲಿ ಇಲ್ಲದ ಪಾಯಿಂಟು ಎಂದ. ಊರಿನವರು ಕಳ್ಳರು ಎಂದು ಅವಳೇ ಬರೆದಿದ್ದಾಳಲ್ಲ ಎಂದ. ಅವಳು ನಮ್ಮ ಬಾವಿಯ ಪರೀಕ್ಷೆಯನ್ನು, ಅಪ್ಪನ ಹೇಳಿಕೆಯನ್ನು ಲಗತ್ತಿಸಿ ಸರ್ಕಾರದವರಿಗೂ ಒಂದು ಪ್ರತಿ ಕಳಿಸಿದಳು. ಎಂಟನೇ ದಿನ ಅನುಮತಿ ಬಂತು. ತೋಡುವಾಗ ಎದುರಿಗಿರಲು ಒಬ್ಬ ಅಧಿಕಾರಿಯೂ ಬಂದರು.

ಅಪ್ಪ ಹೊಸ ಪಂಚೆ ಉಟ್ಟು ಒಳಗೆ ನಡೆದ. ಪಂಪ್‌ಹೌಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಂದು ಕೈಯಲ್ಲಿ ಇಲ್ಲದ ಬಕೆಟ್ಟನ್ನು ಹಿಡಿದವನಂತೆ ಓರೆಯಾಗಿ ಹೆಜ್ಜೆ ಹಾಕಿದ. ಮೂವತ್ತೆರಡಕ್ಕೆ ನಿಂತ. ಹಿಮ್ಮಡಿಯಿಂದ ನೆಲ ಕುಟ್ಟಿದ. “ಇಲ್ಲೇ.”

ನಾನು ಗೇಟಿನ ಸರಳು ಹಿಡಿದು ನಿಂತಿದ್ದೆ. ಹಿಂದೆ ನಮ್ಮ ಬೀದಿಗೆ ಬೀದಿಯೇ.

ಏಳನೇ ಅಡಿಗೆ ಮೇಲೆ ಬಂದ ಮಣ್ಣು ಕೆಂಪಗಿರಲಿಲ್ಲ. ಪಾಚಿ ಹಿಡಿದ ಸುಣ್ಣದ ಹಾಗೆ ಹಳದಿ ಹಸಿರು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು. ಪೈಪು ಕೂರಿಸಿ, ಬಾಯಿಗೆ ಬೀಗ ಹಾಕಿ ಸೀಲು ಒತ್ತಿದರು. ಮರುದಿನ ಬೆಳಗ್ಗೆ ಎಲ್ಲರೆದುರೇ ಸೀಲು ಒಡೆದು ಅಕ್ಷತಾ ಪಂಪು ಇಳಿಸಿದಳು.

ಒಂದು. ಹಳದಿ. ನನಗೆ ಸಂತೋಷವಾಗಲಿಲ್ಲ. ಒಂದನೇ ಬಕೆಟ್ಟನ್ನು ನಂಬಬಾರದೆಂದು ಕಲಿತಿದ್ದೆ.

ಎರಡು. ಮೂರು. ಹಳದಿ. ನಾಲ್ಕು. “ಎಂಗದೆ, ಎಂಗದೆ?” ಎಂದು ಹಿಂದಿನಿಂದ ಅವ್ವ ಚುಚ್ಚುತ್ತಿದ್ದಳು. ಐದು. ನನ್ನ ಕೈ ಸರಳಿಗೆ ಅಂಟಿಹೋಗಿತ್ತು. ಆರನೆಯದನ್ನು ಎತ್ತುವಾಗ ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡದ್ದು ಅಷ್ಟು ದೂರದಿಂದಲೂ ಕಾಣಿಸಿತು. ಕಣ್ಣು ಬಿಟ್ಟಳು. ಹಳದಿ. ಮೊದಲಿಗಿಂತ ಗಾಢ.

ಏಳು, ಎಂಟು, ಒಂಬತ್ತು, ಹತ್ತು.

ಹನ್ನೊಂದನೇ ಬಕೆಟ್ಟನ್ನು ಅವಳು ನೆಲಕ್ಕಿಡಲಿಲ್ಲ. ಎರಡೂ ಕೈಯಲ್ಲಿ ಎತ್ತಿ, ಗೇಟಿನ ಕಡೆಗೆ, ನನ್ನ ಕಡೆಗೆ ತಿರುಗಿಸಿ ಹಿಡಿದಳು. ಬಿಸಿಲಿಗೆ ಅದು ಚಿನ್ನದಂತೆ ಉರಿಯಿತು. ಬೀದಿಯ ಹೆಂಗಸರು ಕೂಗಿದರು. ನಾನು ಕೂಗಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ, ಜನರೆದುರಿಗೆ, ನಾಚಿಕೆಯಿಲ್ಲದೆ ಅತ್ತೆ.

*

ಲ್ಯಾಬಿನ ರಿಪೋರ್ಟಿಗೆ ಹದಿನೈದು ದಿನ. ಅಷ್ಟೂ ದಿನ ಸಂಜೆ ಒಂದು ಫೋನ್.

“ರಿಪೋರ್ಟ್ ಬಂತಾ?” ಎನ್ನುತ್ತಿದ್ದೆ.

“ಇಲ್ಲ. ಊಟ ಆಯ್ತಾ?”

“ಸಂಜೆ ಆರ್ ಗಂಟೆಗೆ ಯಾರು ಊಟ ಮಾಡ್ತಾರ್ರೀ?”

“ಸರಿ, ಹಾಗಾದ್ರೆ ಬೇರೆ ಏನಾದ್ರೂ ಕೇಳಿ.”

ಬೇರೆ ಏನೂ ತೋಚುತ್ತಿರಲಿಲ್ಲ. ಆದರೂ ಯಾರೂ ಫೋನ್ ಇಡುತ್ತಿರಲಿಲ್ಲ.

ಹೂಟಗಳ್ಳಿಯ ಸಮುದಾಯ ಭವನದಲ್ಲಿ ಸಭೆ ಕರೆದರು. ಇಂಗ್ಲಿಷಿನ ವರದಿಯನ್ನು ಅವಳು ಕನ್ನಡದಲ್ಲಿ, ಅವ್ವನಿಗೂ ಅರ್ಥವಾಗುವ ಹಾಗೆ ಓದಿದಳು. ಇಂಗುಗುಂಡಿಯ ನೀರಿನಲ್ಲಿ ಕ್ರೋಮಿಯಂ ಮಿತಿಗಿಂತ ಅರವತ್ತೆಂಟು ಪಟ್ಟು. ನಮ್ಮ ಬಾವಿಯಲ್ಲಿ ಒಂಬತ್ತು ಪಟ್ಟು.

ನಾಗಾರ್ಜುನ ಎದ್ದು ನಿಂತ. “ಈ ಊರಿನವನೇ ಬಾವಿಗೆ ನೀರು ಸುರಿದು ಸಿಕ್ಕಿಬಿದ್ದಿದ್ದಾನೆ. ಇದನ್ನೆಲ್ಲ ಹೆಂಗೆ ನಂಬೋದು?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನಿಂದಲೇ ಎಲ್ಲ ಬಿದ್ದುಹೋಗುತ್ತದೆ ಎಂದುಕೊಂಡೆ.

“ಸಿಕ್ಕಿಬಿದ್ದಿಲ್ಲ” ಎಂದಳು ಅಕ್ಷತಾ. “ಅವರೇ ಹೇಳಿದ್ದು. ಪುಟ ಹದಿನಾಲ್ಕರಲ್ಲಿ ಅವರ ಸಹಿ ಇದೆ. ಆ ಮಾದರಿಯನ್ನ ಅವತ್ತೇ ರದ್ದು ಮಾಡಿದ್ದೀನಿ. ನಾವು ಅದನ್ನ ಮುಚ್ಚಿಟ್ಟಿದ್ರೆ ನೀವು ಈ ವರದಿ ನಂಬಬೇಕಾಗಿರಲಿಲ್ಲ ಸರ್. ಮುಚ್ಚಿಟ್ಟಿಲ್ಲ. ನಕ್ಷೆಯಿಂದ ಗುಂಡಿ ತೆಗೆದವರ ಸಹಿ ಇದ್ರೆ ಕೊಡಿ, ಹದಿನೈದನೇ ಪುಟಕ್ಕೆ ಹಾಕೋಣ.”

ಮೊದಲು ಚಪ್ಪಾಳೆ ತಟ್ಟಿದವನು ರಾಹುಲ್. ಆಮೇಲೆ ಯಾರು ತಟ್ಟಲಿಲ್ಲ ಎಂದು ಹೇಳುವುದು ಕಷ್ಟ. ಅಧಿಕಾರಿ ಅಲ್ಲಿಯೇ ಆದೇಶ ಓದಿ ಹೇಳಿದರು. ವಿಷದ ಮಣ್ಣು ಪೂರ್ತಿ ತೆಗೆದು, ನೀರು ಶುದ್ಧವಾಗುವವರೆಗೆ ಅಲ್ಲಿ ಒಂದು ಕಲ್ಲೂ ನೆಡುವಂತಿಲ್ಲ. ನಮ್ಮ ಬೀದಿಯ ಮನೆಮನೆಗೂ ಒಂದು ತಿಂಗಳೊಳಗೆ ನಲ್ಲಿ. ಹಳೆಯ ಕಾರ್ಮಿಕರಿಗೆಲ್ಲ ಆಸ್ಪತ್ರೆ ತಪಾಸಣೆ. ಅಪ್ಪ ನಂಬಲಾರದೆ ಎರಡು ಸಲ ಓದಿಸಿಕೊಂಡ. ಅವ್ವ ಅಕ್ಷತಾಳ ಕೆನ್ನೆ ನೇವರಿಸಿ ತನ್ನ ಹಣೆಗೆ ನೆಟಿಕೆ ಮುರಿದಳು.

ಹೊರಗೆ, ಭವನದ ಮಗ್ಗುಲಿನ ಹೊಂಗೆ ಮರದ ಕೆಳಗೆ, ಅವಳು ನನ್ನನ್ನು ಕರೆದು ನಿಲ್ಲಿಸಿದಳು.

“ಇನ್ನು ಫೋನ್ ಮಾಡೋಕೆ ರಿಪೋರ್ಟಿನ ನೆಪ ಇಲ್ಲ” ಎಂದಳು.

“ಹೌದು.”

“ಹೌದು ಅಂತೀರಲ್ಲ! ಊರಿಗೆಲ್ಲ ಕೇಳೋ ಹಂಗೆ ಕಿರುಚ್ತೀರಿ. ಒಂದು ಮಾತು ಹೇಳೋಕೆ ಬಾಯಿ ಬರಲ್ವಾ?”

“ನಾನು ಒಂಬತ್ತನೇ ಕ್ಲಾಸು ಕಣ್ರೀ” ಎಂದೆ. “ನಮ್ದು ಬೇರೆ ಜನ. ಕೋಪ ಮೂಗಿನ ತುದೀಲೇ ಇರುತ್ತೆ. ನೀವು ಬೇಕು ಅನ್ನೋಕೆ ನನ್ಹತ್ರ ಕಾಗದದ ಮೇಲೆ ಬರಿಯೋ ಅಂಥ ಕಾರಣ ಒಂದೂ ಇಲ್ಲ. ಆದ್ರೂ ಬೇಕು.”

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ತಲೆ ತಗ್ಗಿಸಿದಳು. ಹೊಂಗೆಯ ಹೂವೊಂದನ್ನು ಚಪ್ಪಲಿಯ ತುದಿಯಿಂದ ಅತ್ತಿತ್ತ ಉರುಳಿಸಿದಳು.

“ಅಪ್ಪಾಜಿಗೆ ಹೋದ ಭಾನುವಾರವೇ ಹೇಳಿದೆ. ಹುಡುಗ ಹಿಂಗಿಂಗೆ, ಊರು ಹೂಟಗಳ್ಳಿ, ಓದಿಲ್ಲ, ನಮ್ಮವರಲ್ಲ ಅಂತ.”

“ನನ್ನ ಕೇಳ್ದೇನೇ?”

“ನೀನು ಹೇಳೋವರೆಗೂ ಕಾದಿದ್ರೆ ನನಗೆ ಮುದಿವಯಸ್ಸಾಗ್ತಿತ್ತು.”

“ಏನಂದ್ರು?”

“ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಅಂಗಡಿಗೆ ಹೊರಡ್ತಾ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ರು. ಸುಳ್ಳು ಹೇಳ್ತಾನೇನಮ್ಮಾ ಅಂತ.”

“ನೀನೇನಂದೆ?”

“ಒಂದು ಸಲ ಪ್ರಯತ್ನ ಪಟ್ಟ ಅಪ್ಪಾಜಿ, ಆರು ಬಕೆಟ್‌ನವರೆಗೂ ತಡ್ಕೊಳ್ಳೋಕಾಗಲಿಲ್ಲ ಅಂದೆ.” ತಲೆಯೆತ್ತಿದಳು. ಕಣ್ಣಿನಲ್ಲಿ ನಗು, ನೀರು, ಎರಡೂ. “ಈ ಭಾನುವಾರ ಊಟಕ್ಕೆ ಕರ್ಕೊಂಡ್ ಬಾ ಅಂದಿದ್ದಾರೆ ಕಣೋ. ನಿಮ್ಮಪ್ಪ ಅವ್ವನ್ನೂ.”

ನಾನು ಅವಳ ಕೈ ಹಿಡಿದೆ. ಭವನದ ಮೆಟ್ಟಿಲ ಮೇಲೆ ನಮ್ಮ ಬೀದಿಯ ಜನ ಅಷ್ಟೂ ಮಂದಿ ನಿಂತು ನೋಡುತ್ತಿದ್ದರು. ಅವಳು ಬಿಡಿಸಿಕೊಳ್ಳಲಿಲ್ಲ. ನಾನೂ ಬಿಡಲಿಲ್ಲ.